ತವರಿನ ಬೇಳೆಯ ಮೂಲ ದೇಶ

ಅಂಗಡಿಯಲ್ಲಿ ಪೊಟ್ಟಣ ಕೈಗೆ ಬಂದರೆ ನಾನು ಮೊದಲು ಅದರ ಬೆನ್ನು ನೋಡುತ್ತೇನೆ. ಹೊರದೇಶದ ಮಾಲಾದರೆ ಯಾವ ದೇಶದ್ದೆಂದು ಮೇಲೆ ಬರೆದಿರಬೇಕು ಎಂಬ ನಿಯಮ ಇದೆಯಲ್ಲ, ಅದನ್ನು ಮಾಡಿದವರು ನನ್ನಂಥ ಸಂಶಯದ ಪ್ರಾಣಿಗಳನ್ನೇ ನೆನೆದು ಮಾಡಿರಬೇಕು. ಇಂಗು ಎಲ್ಲಿಯದು, ಖರ್ಜೂರ ಎಲ್ಲಿಯದು ಎಂದು ಓದುತ್ತೇನೆ. ಬೆಲೆಯ ಚೀಟಿಯನ್ನು ಬೇಕೆಂದೇ ದೇಶದ ಹೆಸರಿನ ಮೇಲೆ ಅಂಟಿಸಿದ್ದಾರೋ ಏನೋ ಎಂದು ಉಗುರಿನಿಂದ ಕೆರೆದೂ ನೋಡುತ್ತೇನೆ. ಮದುವೆಯಾಗಿ ಬಂದು ನಾನಿರುವ ಕಾಚಿಗೂಡದ ಕಿರಾಣಿಯವನು ಒಮ್ಮೆ ಬೇಸತ್ತು, "ಅಮ್ಮಾ, ಚದುವುತಾರಾ, ಕೊಂಟಾರಾ?" ಎಂದು ತೆಲುಗಿನಲ್ಲಿ ಕೇಳಿದ್ದ. ಓದಿಯೇ ಕೊಳ್ಳುವುದು ಎಂದೆ.

ಒಂದು ಮಾಲನ್ನು ಮಾತ್ರ ಎಂದೂ ಓದಿರಲಿಲ್ಲ. ಅದು ಕಲಬುರಗಿ ಕಡೆಯ ನನ್ನ ತವರಿನಿಂದ, ಪ್ರತಿ ವರ್ಷ ಸುಗ್ಗಿಯ ರಾಶಿ ಮುಗಿದ ಮೇಲೆ ನನ್ನ ತಮ್ಮ ರೈಲಿನಲ್ಲಿ ಹೊತ್ತು ತರುವ ತೊಗರಿಬೇಳೆ. ಅಪ್ಪ ಹೋದ ಮೇಲೆ ಹೊಲದಲ್ಲಿನ ನನ್ನ ಪಾಲನ್ನು ಅವನಿಗೆ ಬಿಟ್ಟು ಸಹಿ ಹಾಕಿದ್ದೆ. "ನೀ ಇರೋತನಕ ಈ ಹೊಲದ ಬ್ಯಾಳಿ ನಿನ್ನ ಮನಿಗಿ ತಪ್ಪಂಗಿಲ್ಲ ಅಕ್ಕಾ" ಎಂದು ಆವತ್ತು ಅವನು ಅಂದಿದ್ದ. ಆಮೇಲೆ ನನ್ನ ಪಾಲಿಗೆ ಹೊಲವೆಂದರೆ ಆ ಬೇಳೆಯೇ. ಅದು ಬರುತ್ತಿರುವವರೆಗೆ ಆ ಮಣ್ಣಿನಲ್ಲಿ ನನಗೂ ಏನೋ ಉಳಿದಿದೆ ಅಂದುಕೊಂಡಿದ್ದೆ. ಅಕ್ಕಪಕ್ಕದವರಿಗೆ ಒಂದೊಂದು ಬಟ್ಟಲು ಕೊಟ್ಟು, ನಮ್ಮ ಹೊಲದ್ದು, ರುಚಿ ನೋಡಿ ಎಂದು ಮೆರೆಯುತ್ತಿದ್ದೆ.

ಕಳೆದ ಸಲ ತಮ್ಮ ಬಂದವನು ಸ್ನಾನಕ್ಕೆ ಹೋಗಿದ್ದ. ಬೇಳೆಯನ್ನು ಡಬ್ಬಿಗೆ ಸುರಿದು ಚೀಲ ಕೊಡವಿದೆ. ಒಳಮೈಯಲ್ಲಿ ಹಸಿರು ಅಕ್ಷರ ಕಂಡವು. ಚೀಲವನ್ನು ತಿರುವಿ ಹಾಕಿದೆ. ಆಮದು ತೊಗರಿ, ಮೂಲ ದೇಶ ಮೊಜಾಂಬಿಕ್ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

ಆ ಸಾಲನ್ನು ಎರಡು ಸಲ ಓದಿದೆ. ಆದರೂ ತಮ್ಮನ ಪರವಾಗಿ ನಾನೇ ವಕೀಲಿ ಮಾಡಿದೆ. ನಮ್ಮ ಕಡೆಯ ಮಿಲ್ಲುಗಳಿಗೆ ಹೊರಗಿನ ತೊಗರಿಯೂ ಬರುತ್ತದೆ, ಖಾಲಿ ಚೀಲ ಅಗ್ಗಕ್ಕೆ ಸಿಗುತ್ತವೆ. ಚೀಲ ಯಾವ ದೇಶದ್ದಾದರೇನು, ಒಳಗಿನ ಬೇಳೆ ನಮ್ಮದೇ ಇರಬಹುದು. ಆದರೆ ಬರೀ ಖಾಲಿ ಚೀಲವಾಗಿದ್ದರೆ ಅದನ್ನು ಒಳಹೊರಗು ಮಾಡಿ ತುಂಬುವ ಉಸಾಬರಿ ಯಾರಿಗೆ ಬೇಕಿತ್ತು?

ಅದೇ ಬೇಳೆ ಬೇಯಿಸಿ ಬಡಿಸಿದೆ. ರೊಟ್ಟಿ ಮುರಿಯುವ ಅವನ ಕೈಯನ್ನೇ ನೋಡುತ್ತ ಎದುರಿಗೆ ಕೂತೆ.

"ಈ ವರ್ಷ ತೊಗರಿ ಹ್ಯಾಂಗ ಬಂದಿತ್ತು?" ಎಂದೆ.

"ಭಾಳ ಚಲೋ ಬಂದಿತ್ತು ಅಕ್ಕಾ."

"ಮಳಿ?"

"ಮಳೀನೂ ಟೈಮಿಗಿ ಆತು."

ಇಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ಇವನು ಯಾವಾಗ ಕಲಿತ? ಚೀಲ ತಂದು ಅವನ ತಟ್ಟೆಯ ಪಕ್ಕ ಹಾಸಿದೆ.

"ಅದು ಖಾಲಿ ಚೀಲ. ಮಿಲ್ಲಿನ್ಯಾಗ ತಗೊಂಡಿದ್ದು" ಅಂದ.

"ಹಂಗಾರ ಉಲ್ಟಾ ಯಾಕ ಮಾಡಿದಿ?"

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. ಆಮೇಲೆ ನಿಧಾನವಾಗಿ ಬಾಯಿ ಬಿಟ್ಟ. ಹೊಲವನ್ನು ಸೋಲಾರ್ ಕಂಪನಿಗೆ ಲೀಸಿಗೆ ಕೊಟ್ಟು ಕೆಲವು ವರ್ಷಗಳೇ ಆಗಿದ್ದವು. ಅವನ ಮಕ್ಕಳ ಕಾಲದವರೆಗೂ ಕರಾರು. ಅಂದಿನಿಂದ ಬೇಳೆಯನ್ನು ಮಿಲ್ಲಿನಲ್ಲಿ ಕೊಂಡು ತರುತ್ತಿದ್ದ.

"ನನಗ್ಯಾಕ ಹೇಳಲಿಲ್ಲ?"

"ಬ್ಯಾಳಿ ನಿಂತ್ರ ನೀ ಹೊಲದ ಸುದ್ದಿ ತಗೀತಿದ್ದಿ. ಸಹಿ ಹಾಕಿದ್ದು ನೆನಪಾಗಿ ಪಾಲು ಕೇಳ್ತಿದ್ದಿ."

ನನಗೆ ಸಿಟ್ಟು ಬಂದದ್ದು ಲೀಸಿಗಲ್ಲ. ಇಷ್ಟು ವರ್ಷ ಆ ಚೀಲವನ್ನು ಅವನು ಪ್ರೀತಿಯಿಂದ ಹೊತ್ತು ತರುತ್ತಾನೆ ಎಂದು ನಂಬಿದ್ದೆ. ಅವನು ತಂದದ್ದು ನನ್ನ ಬಾಯಿಗೆ ಹೆದರಿ. ಊರ ಅಂಗಡಿಗಳನ್ನೆಲ್ಲ ಜಾಲಾಡುವವಳ ಅಡುಗೆಮನೆಯಲ್ಲೇ ದೀಪದ ಕೆಳಗೆ ಕತ್ತಲೆ. ಅಷ್ಟು ವರ್ಷ ಆ ಬೇಳೆ ಉಂಡು ತವರಿನ ರುಚಿ ಎಂದು ಚಪ್ಪರಿಸಿದ್ದಕ್ಕೆ ನಾಚಿಕೆಯೂ ಆಯಿತು.

ಇನ್ನೊಂದು ಸಂಗತಿಯೂ ಆಗಲೇ ಹೊಳೆಯಿತು. ಎಳ್ಳಮವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಅನ್ನ, ಕಡುಬು ಕಲಸಿದ ಚರಗವನ್ನು ಬೆಳೆಯ ನಡುವೆ ಭೂಮಿತಾಯಿಗೆ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ನಾನು ಬರುತ್ತೇನೆ ಅಂದಾಗಲೆಲ್ಲ ಇವನು ರೈಲಿನಲ್ಲಿ ಗದ್ದಲ, ಮಗಳ ಪರೀಕ್ಷೆ, ಹೆಂಡತಿಗೆ ಜ್ವರ ಎಂದು ತಪ್ಪಿಸುತ್ತಿದ್ದ.

"ಮತ್ತ ಎಳ್ಳಮಾಸಿಗಿ ಚರಗ ಎಲ್ಲಿ ಚೆಲ್ಲತೀರಿ?"

"ಸುತ್ತ ತಂತಿ ಬೇಲಿ ಹಾಕ್ಯಾರ. ನಮಗ ಒಳಗ ಬಿಡಂಗಿಲ್ಲ ಅಕ್ಕಾ. ಹೊರಗ ನಿಂತು ಒಳಗ ಒಗೀತೀವಿ."

ಬೈಯಬೇಕೆಂದು ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಅಲ್ಲೇ ಬಿಟ್ಟೆ. ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಮುಂದಿನ ಎಳ್ಳಮವಾಸ್ಯೆಗೆ ನಾನೂ ಬರುತ್ತೇನೆ ಅಂದೆ.

"ಬಾ ಅಕ್ಕಾ" ಅಂದ. "ಜೋರ್ ಮಾಡಿ ಒಗೀಬೇಕಾಗತೈತಿ. ಬೇಲಿ ಎತ್ತರ ಐತಿ."