ಅಧಿಕ ಮಾಸದ ಬಂಗಡೆ

೧೯೭೭ನೆಯ ಇಸವಿಯಲ್ಲಿ ನನಗೆ ಇಪ್ಪತ್ತು ವರ್ಷ. ಈಗ ಮುದುಕ. ಕಳೆದ ವಾರ ಬಾಗಲಕೋಟೆಯ ನವನಗರದ ಮಾರುಕಟ್ಟೆಯಲ್ಲಿ ಯಾರೋ ಮೀನಿನ ಪೆಟ್ಟಿಗೆಯ ಮುಚ್ಚಳ ತೆಗೆದರು. ಮಂಜುಗಡ್ಡೆಯ ತಂಪಿನೊಡನೆ ಉಪ್ಪುನೀರಿನ ವಾಸನೆ ಬಂತು. ಮೀನು ತಿನ್ನದ ಮನೆಯಲ್ಲಿ ಹುಟ್ಟಿದ ನಾನು ಮೂಗು ಮುಚ್ಚಿಕೊಳ್ಳದೆ ಅಲ್ಲಿಯೇ ನಿಂತುಬಿಟ್ಟೆ. ವೈನಿ ನೆನಪಾದರು...

ಹಳೆಯ ಬಾಗಲಕೋಟೆಯಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಅವರದು; ಅತ್ತಿಗೆ ಎನ್ನುವಂತೆ ನಾನು ಅವರನ್ನು ವೈನಿ ಎನ್ನುತ್ತಿದ್ದೆ, ನಮ್ಮ ಅವ್ವ ಅವರಿಗೆ ಕಾಕು. ಗಂಡ ಬಸ್ಸಿನ ಡ್ರೈವರ್. ತಂದೆ ಕಾರವಾರದ ಕಡೆ ಮೀನು ಹಿಡಿಯುವವರು. ವೈನಿ ಚೊಚ್ಚಲ ಬಸುರಿ. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆಗೆ ಇಲ್ಲಿಯೇ ಉಳಿದಿದ್ದರು. ಏನು ಬಯಕೆ ಎಂದು ನಮ್ಮ ಅವ್ವ ಕೇಳಿದಾಗ, "ಹಸಿ ಬಂಗಡಿ, ಕಾಕು," ಎಂದರು. ಸಂತೆಯಲ್ಲಿ ಒಣಗಿದ ಮೀನು ಸಿಗುತ್ತಿತ್ತು. ಅದು ಅವರಿಗೆ ಸೇರಲಿಲ್ಲ.

ಅವ್ವ ಉಳ್ಳಾಗಡ್ಡಿಯನ್ನೂ ಒಳಗೆ ಬಿಡದವಳು. ನಾನು ಅವಳ ಮುಖ ನೋಡಿದೆ.

"ಹಂಗ್ಯಾಕ ನೋಡ್ತೀ? ತಾಯಿಲ್ಲದ ಹುಡುಗಿ. ಬಯಕಿ ತೀರಸಬೇಕೋ ಬ್ಯಾಡೋ?"

ಆದರೆ ಅದು ಮಳೆಗಾಲ. ಬಂಗಡೆಯ ಸ್ವಭಾವವನ್ನು ವೈನಿಯೇ ವಿವರಿಸಿದರು: ಮಳೆ ಹಿಡಿದಾಗ ಅದು ಆಳಕ್ಕೆ ಇಳಿಯುತ್ತದೆ, ರಭಸ ತಗ್ಗಿದೊಡನೆ ಹಿಂಡುಹಿಂಡಾಗಿ ಮೇಲೆದ್ದು ದಂಡೆಗೆ ಬರುತ್ತದೆ, ಒಂಟಿಯಾಗಿ ತಿರುಗುವ ಜಾತಿಯಲ್ಲ. ಹಿಂಡು ಬಂದಲ್ಲಿ ನೀರು ಕಪ್ಪಾಗಿ ನಡುಗುತ್ತದೆಯಂತೆ. ಹೇಳುವಾಗ ಅವರ ಅಂಗೈ ಗಾಳಿಯಲ್ಲಿ ನಡುಗುತ್ತಿತ್ತು.

"ಅಂದ್ರ ಅವೂ ಚಾತುರ್ಮಾಸ ಮಾಡ್ತಾವೇನವಾ?" ಅವ್ವ ಕೇಳಿದಳು.

"ಹೂಂ ಕಾಕು, ನಿಮಗಿಂತ ಕಟ್ಟುನಿಟ್ಟು!" ವೈನಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ನೂಲು ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವವರೆಗೆ ಅವರ ತಂದೆ ದೋಣಿಯನ್ನು ನೀರಿಗಿಳಿಸುತ್ತಿರಲಿಲ್ಲ. ಅವ್ವ ಪಂಚಾಂಗ ತೆರೆದಳು. ಅವಳ ಮುಖ ಸಣ್ಣದಾಯಿತು. ಆ ವರ್ಷ ಅಧಿಕ ಮಾಸ ಬಂದಿತ್ತು. ಹುಣ್ಣಿಮೆ ಒಂದು ತಿಂಗಳು ಮುಂದೆ ಸರಿದು ಆಗಸ್ಟ್ ಕೊನೆಗೆ ಹೋಗಿತ್ತು. ವೈನಿಗೆ ದಿನ ತುಂಬುವುದೂ ಆಗಲೇ.

ಆಗಸ್ಟ್ ನಡುವೆ, ಕಾರವಾರದ ಬಸ್ಸು ಓಡಿಸುತ್ತಿದ್ದ ಡ್ರೈವರೊಬ್ಬರು ಸುದ್ದಿ ತಂದರು: ಬಂಗಡೆ ದಂಡೆಯ ಹತ್ತಿರವೇ ಕಾಣಿಸಿಕೊಂಡಿದೆ, ದೋಣಿಗಳು ಮಾತ್ರ ಮರಳಿನ ಮೇಲೆಯೇ ಇವೆ. ಅಧಿಕ ಮಾಸದಲ್ಲಿ ತಪ್ಪದೆ ದಾನ ಕೊಡುತ್ತಿದ್ದ ಅವ್ವ ಅಂದು ಮೊದಲ ಬಾರಿ ಅದನ್ನು ಬೈದಳು.

"ಮೀನಿಗೇನ ಗೊತ್ತು ಅಧಿಕ ಮಾಸ?"

"ಮೀನಿಗೆ ಗೊತ್ತಿಲ್ಲ ಕಾಕು, ನಮ್ಮಪ್ಪಗ ಗೊತ್ತದ. ಕಾಯಿ ಬಿಡೂತನಕ ದೋಣಿ ಮುಟ್ಟೂದಿಲ್ಲ."

"ಮಗಳ ಬಯಕಿ ಅಂದ್ರೂ?"

"ಮಗಳ ಬಯಕಿ ಅಂದ್ರ ಇನ್ನೂ ಮುಟ್ಟೂದಿಲ್ಲ. ಕೂಸಿಗೆ ಏನರೆ ಆದೀತು ಅಂತ ಅಂಜ್ತಾನ."

ಆ ವೇಳೆಗೆ ಅವರ ಪಾದಗಳು ಬಾತುಕೊಂಡಿದ್ದವು. ಬಿ.ಎಡ್. ಓದುತ್ತಿದ್ದ ನನ್ನನ್ನು ಅವರು ಆಗಲೇ ಮಾಸ್ತರನನ್ನಾಗಿ ಮಾಡಿದ್ದರು. "ನೋಡ್ರಿ ಮಾಸ್ತರ್ರ, ನನ್ನ ಕಾಲಿಗೂ ಉಬ್ಬರ ಬಂದದ," ಎಂದು ನಗುತ್ತಿದ್ದರು. ಬಸುರಿಯರಿಗೆ ಅದು ಸಹಜವೆಂದು ಎಲ್ಲರೂ ಹೇಳಿದರು... ನಾವೂ ನಂಬಿದೆವು.

ಹುಣ್ಣಿಮೆ ಭಾನುವಾರ ಬಂತು. ವೈನಿಯ ತಂದೆ ಸಮುದ್ರಕ್ಕೆ ಕಾಯಿ ಅರ್ಪಿಸಿದರು; ಸೋಮವಾರ ನಸುಕಿನಲ್ಲಿ ಬಲೆ ಬೀಸಿ, ಸಿಕ್ಕ ಬಂಗಡೆಯನ್ನು ಮಂಜುಗಡ್ಡೆ, ಮರದ ಹೊಟ್ಟುಗಳಲ್ಲಿ ಹುದುಗಿಸಿ, ಬೇರೆಯವರ ಕೈಗೆ ಕೊಡದೆ ತಾವೇ ಬಸ್ಸು ಹತ್ತಿದರು. ಅದೇ ಸೋಮವಾರ ಮಧ್ಯಾಹ್ನ ವೈನಿಗೆ ಕೈಕಾಲು ಸೆಟೆದು ಸೆಳವು ಬಂತು. ದವಾಖಾನೆಗೆ ಒಯ್ದರು. ಅವರೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅವರನ್ನು ಮಲಗಿಸಿದ್ದಾಗ ತಂದೆ ಬುಟ್ಟಿ ಹೊತ್ತುಕೊಂಡು ಓಣಿಯೊಳಗೆ ಬಂದರು. ಬುಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಜನ ದಾರಿ ಬಿಟ್ಟರು. ಅವರು ಬುಟ್ಟಿ ಇಳಿಸಲಿಲ್ಲ. ಎಲ್ಲಿ ಇಳಿಸಬೇಕೆಂದು ಅವರಿಗೆ ತಿಳಿಯಲಿಲ್ಲ. ಅವ್ವ ಎದ್ದು ಹೋಗಿ ಅದನ್ನು ಅವರ ತಲೆಯಿಂದ ಇಳಿಸಿಕೊಂಡಳು. ಹೊಟ್ಟು ಸರಿಸಿ ಒಂದು ಮೀನನ್ನು ಎರಡೂ ಕೈಯಲ್ಲಿ ಎತ್ತಿ, ವೈನಿಯ ಮುಖದ ಹತ್ತಿರ ಹಿಡಿದಳು.

"ನೋಡವಾ, ನಿಮ್ಮಪ್ಪ ತಂದಾನ."

ಆ ಓಣಿ ಇಂದು ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. ಅವ್ವನೂ ಇಲ್ಲ. ಆಮೇಲೆ ಬಂದ ಯಾವ ಅಧಿಕ ಮಾಸದಲ್ಲಿಯೂ ಅವಳು ದಾನ ಕೊಡಲಿಲ್ಲ. ವೈನಿಯ ಬಯಕೆಗಾಗಿ ನಾವು ಕಾಯುವುದು ಮುಗಿದದ್ದು ೧೯೭೭ನೆಯ ಇಸವಿ, ಆಗಸ್ಟ್ ತಿಂಗಳ ಮೂವತ್ತನೆಯ ತಾರೀಖು, ಮಂಗಳವಾರ.