ಕೊಟ್ರಯ್ಯನವರ ಬುತ್ತಿ

ಕಂಪ್ಲಿಯ ನಮ್ಮ ಓಣಿಯ ಕೊಟ್ರಯ್ಯನವರಷ್ಟು ಪುಕ್ಕಲರು ಪಿಕ್‌ನಿಕ್ಕಿಗೆ ಯಾಕಾದರೂ ಹೋಗುತ್ತಾರೋ ಎಂದು ಎಲ್ಲರಿಗೂ ಆಶ್ಚರ್ಯ. ಆದರೆ ತಿಂಗಳಿಗೊಂದು ಭಾನುವಾರ ಹೆಂಡತಿ ಮಕ್ಕಳ ಜೊತೆಗೆ ಒಡಹುಟ್ಟಿದ ತಮ್ಮ ಹಾಲೇಶನ ಸಂಸಾರವನ್ನೂ ಗಾಡಿಗೆ ತುಂಬಿಕೊಂಡು ಹೊರಡುವವರು ಅವರೇ. ಡ್ಯಾಮಿನ ಉದ್ಯಾನದಲ್ಲಿ ಎಲ್ಲರೂ ಕಾರಂಜಿ ನೋಡಿದರೆ, ಇವರು ನೆಲದಲ್ಲಿ ಕರೆಂಟಿನ ವೈರು ಹುಡುಕುತ್ತಾರೆ. ಹಂಪಿಯ ಮಂಗ, ಸಂಡೂರು ಘಾಟಿಯ ಅದಿರು ಲಾರಿ, ಹೊಳೆದಂಡೆಯ ಪಾಚಿಗಟ್ಟಿದ ಬಂಡೆ, ಎಲ್ಲವೂ ತಮ್ಮವರಿಗಾಗಿಯೇ ಹೊಂಚು ಹಾಕಿ ಕೂತಿವೆ ಎಂದೇ ಅವರ ನಂಬಿಕೆ. ಹೊಳೆಗೆ ಬೆನ್ನು ಮಾಡಿ ನಿಂತು, "ಲೇ, ಕಲ್ಲು ಜಾರ್ತೈತಿ, ಈ ಕಡೆ ಬಾ! ಹುಡುಗ್ರನ್ನ ನೀರಿಗೆ ಬಿಡಬ್ಯಾಡ್ರಿ!" ಎಂದು ಕೂಗಿ ಕೂಗಿ ಮಧ್ಯಾಹ್ನಕ್ಕೆಲ್ಲ ಗಂಟಲು ಕಟ್ಟಿರುತ್ತದೆ. ಬುತ್ತಿಯ ವಿಷಯದಲ್ಲಂತೂ ಭಾರಿ ಕಟ್ಟುನಿಟ್ಟು: ರೊಟ್ಟಿ, ಶೇಂಗಾಚಟ್ನಿ, ಮೊಸರನ್ನ ಯಾರೇ ಮಾಡಿರಲಿ, ಒಂದೇ ಗಂಟು ಕಟ್ಟಬೇಕು, ಒಂದೇ ಜಮಖಾನೆಯ ಮೇಲೆ ಬಿಚ್ಚಬೇಕು. "ಹಾಲೇಶಗ ಇನ್ನೊಂದು ಎಣ್ಣಿಗಾಯಿ ಹಾಕ್ರಿ, ಭಾಳ ಇಷ್ಟ ಅವಂಗ" ಎನ್ನುತ್ತ ತಾವು ತಿನ್ನುವುದನ್ನೇ ಮರೆಯುತ್ತಾರೆ. ಇಷ್ಟೆಲ್ಲ ಹೆದರುವವರು ಸಂಜೆ ಎಲ್ಲರೂ ಎದ್ದಾಗ ಮಾತ್ರ, "ಇನ್ನೊಂದೀಟು ಕುಂದ್ರಿ, ಏನವಸರ?" ಎನ್ನುತ್ತಾರೆ, ಮನೆ ಹತ್ತಿರವಾದಷ್ಟೂ ಅವರ ಗಾಡಿ ನಿಧಾನ. ಮೊನ್ನೆಯಂತೂ ಮನೆಯನ್ನೇ ದಾಟಿ ಮುಂದೆ ಹೋದರು. "ಮನಿ ಹಿಂದ ಉಳೀತಲ್ರಿ!" ಎಂದರು ಹೆಂಡತಿ ನೀಲಗಂಗಮ್ಮ. "ಉಳೀಲಿ ಬಿಡು, ಇನ್ನೊಂದು ಸುತ್ತು ಹಾಕ್ಕೊಂಡು ಬರೋಣ" ಎಂದರು ಕೊಟ್ರಯ್ಯ. ಹೋದ ವರ್ಷ ಪಾಲಾದ ಆ ಮನೆಗೆ ಈಗ ನಡುವೆ ಗೋಡೆ, ಎರಡು ಬಾಗಿಲು. ಗಾಡಿಯಿಂದ ಇಳಿದರೆ ಹಾಲೇಶ ಅಣ್ಣನೊಡನೆ ಮಾತಾಡುವುದು ಮತ್ತೆ ಬುತ್ತಿ ಬಿಚ್ಚಿದಾಗಲೇ.