ಬೇವಿನ ಗಿಡದ ಮನೆಯ ಸೊಸೆ

ಅವರಿಗೆ ಎರಡು ಚಾಳೀಸು. ಒಂದು ಮೂಗಿನ ಮೇಲೆ, ಇನ್ನೊಂದು ನೆರೆತ ಕೂದಲಲ್ಲಿ ಸಿಕ್ಕಿಸಿದ್ದು. ತಲೆಯ ಮೇಲಿರುವುದನ್ನೇ ಮೇಜಿನ ತುಂಬ ಹುಡುಕುತ್ತ, ಎದುರು ಕೂತವರ ಮೇಲೆ ರೇಗುತ್ತಿದ್ದರು. ಬೈಲಹೊಂಗಲದಲ್ಲಿ ವಕೀಲಿ ಮಾಡುತ್ತಿದ್ದ ಈ ಹಿರಿಯಾಕೆಯನ್ನು ನಾವು ಹೆಂಗಸರೆಲ್ಲ ವಕೀಲ ಬಾಯಾರು ಅನ್ನುತ್ತಿದ್ದೆವು. ಅವರು ಬೈದರೆಂದರೆ ನಮ್ಮ ಕೆಲಸ ಆಯಿತೆಂದೇ ಅರ್ಥ.

ನಾನು ಹೊಲಿಗೆಗೆ ಹೋಗುತ್ತಿದ್ದ ಕಾರ್ಖಾನೆಯಲ್ಲಿ ಹೆಂಗಸರ ವಿಷಯದಲ್ಲಿ ಸೂಪರ್‌ವೈಜರನ ಕೈ ನೆಟ್ಟಗಿರಲಿಲ್ಲ. ಬಾಯಾರಿಂದ ದೂರು ಬರೆಸಿದೆ. ಅದರ ಪ್ರತಿ ಪತ್ರಿಕೆಯವರಿಗೆ ಸಿಕ್ಕರೆ, ಸುಮ್ಮನಿದ್ದ ಉಳಿದವರಿಗೂ ಧೈರ್ಯ ಬಂದೀತೆಂದು ಅವರ ಆಸೆ. ನನಗೋ ಪುಕುಪುಕು. ನನ್ನ ಹೆಸರು ಹೊರಬಿದ್ದರೆ ಗಂಡನ ಊರಾದ ಕಟಕೋಳದಿಂದ ಅತ್ತೆ ಬಂದು, ಕೆಲಸ ಬಿಡಿಸಿ, ಊರಿಗೆ ಕರೆದೊಯ್ಯುವುದು ಖರೇ.

ಟೈಪಿಂಗ್ ಅಂಗಡಿಯಲ್ಲಿ ದೂರಿನ ಫೈಲಿನೊಳಗೆ ನನ್ನ ಹೆಸರು, ನಂಬರಿನ ಮೇಲೆ ಕಪ್ಪು ಪಟ್ಟಿ ಎಳೆಸಿ, ಪೆನ್‌ಡ್ರೈವಿನಲ್ಲಿ ತಂದೆ. ಬಾಯಾರು ಆ ಪಟ್ಟಿಯ ಮೇಲೆ ಮೌಸ್ ಎಳೆದು, ಕಾಪಿ ಮಾಡಿ, ಖಾಲಿ ಪುಟಕ್ಕೆ ಇಳಿಸಿದರು. ಅಯ್ಯಯ್ಯೋ! ನನ್ನ ಹೆಸರು, ಫೋನ್ ನಂಬರು ಹಲ್ಲು ಕಿಸಿದುಕೊಂಡು ಕೂತಿದ್ದವು.

"ಮ್ಯಾಲ ಚಾದರ ಹೊಚ್ಚಿದ್ರ ಆತೇನ? ಒಳಗಿನ ಅಕ್ಷರ ಕಿತ್ತ ಒಗೀಬೇಕು," ಎಂದು ಬೈದರು. ಅದಕ್ಕೆಂದೇ ಇರುವ ಸಾಫ್ಟ್‌ವೇರನ್ನು ಆ ವಯಸ್ಸಿನಲ್ಲಿ ಧಾರವಾಡಕ್ಕೆ ಓಡಾಡಿ ಕಲಿತಿದ್ದರು. ಹೆಸರು, ನಂಬರು ಎಲ್ಲವನ್ನೂ ಗುರುತು ಮಾಡಿ ಬುಡಸಮೇತ ತೆಗೆದರು. ಫೈಲನ್ನು ಎಲ್ಲಿ, ಯಾರು ಮಾಡಿದರೆಂದು ಕಂಪ್ಯೂಟರು ಒಳಗೆ ಬರೆದಿಟ್ಟುಕೊಂಡದ್ದನ್ನೂ ಬಿಡಲಿಲ್ಲ. ನಾನು ಕೈಮುಗಿದು ಏಳಹೋದೆ.

"ತಡಿ, ಎಲ್ಲಿಗೆ ಹೊಂಟಿ?"

ಯಾರಿಗಾದರೂ ಗುರುತು ಹತ್ತೀತೋ ಎಂದು ನೋಡಲು, ಕಡೆಗೊಮ್ಮೆ ದೂರು ಕೊಟ್ಟವಳ ಊರಿನ ಕಟ್ಟೆಯ ಮೇಲಿನ ಮುದುಕಿಯಂತೆ ದನಿ ತೆಗೆದು ಇಡೀ ಕಾಗದ ಓದುವುದು ಅವರ ಪದ್ಧತಿ. ಓದಿದರು. "ಯವ್ವಾ, ಬೇವಿನ ಗಿಡದ ಮನಿ ಸೊಸಿ ಅಂತ! ನಮ್ಮ ಕಟಕೋಳದಾಕಿ ಅಲ್ಲನ?"

ದೂರಿನ ಮೊದಲ ಸಾಲಲ್ಲೇ ನಾನು ಹಾಗೆಂದು ಬರೆಸಿದ್ದೆ. ನಮ್ಮ ಕಡೆ ಹೆಸರು ಯಾರಿಗೆ ಬೇಕು, ಮನೆ ಹೇಳಿದರೆ ಸಾಕಲ್ಲ!

"ಕಂಪ್ಯೂಟರಿಗೆ ಓಣಿ ಸುದ್ದಿ ತಿಳಿಯೂದಿಲ್ಲ, ನನಗ ತಿಳೀತೈತಿ," ಎಂದು ನಕ್ಕು ಅದನ್ನೂ ತೆಗೆದರು. "ತಗಿಯೂದು ನನ್ನ ಕೆಲಸ ತಂಗಿ. ಹೇಳಬೇಕ ಅನಿಸಿದ ದಿನ ನೀನ ಹೇಳು. ಅದು ನಿನ್ನ ಖುಷಿ."

ಸುದ್ದಿ ಅಚ್ಚಾಯಿತು. ಊರಿಗೆ ಹೋದಾಗ ಅತ್ತೆಯೇ ಅದನ್ನು ಓದಿಸಿಕೊಂಡು, "ಯಾವಾಕಿನೋ, ಗಟ್ಟಿಗಿತ್ತಿ ಅದಾಳ," ಎಂದರು. ನಾನು ರೊಟ್ಟಿ ಬಡಿಯುತ್ತ ಒಳಗೊಳಗೇ ಬೀಗಿದೆ. ಆಮೇಲೆ ಕಾರ್ಖಾನೆಯ ಉಳಿದ ಹೆಂಗಸರೂ ಬಾಯಾರ ಬಾಗಿಲಿಗೆ ಬಂದರು. ಸೂಪರ್‌ವೈಜರ್ ಕೆಲಸ ಕಳೆದುಕೊಂಡು ಮನೆಗೆ ಹೋದ, ನಾನು ಮಶೀನಿನ ಮುಂದೆಯೇ ಉಳಿದೆ. ನಮ್ಮೂರಲ್ಲಿ ಇಂಥವರೊಬ್ಬರು ಇದ್ದರೆಂದು ನನಗೆ ಇವತ್ತಿಗೂ ಎದೆಯುಬ್ಬುತ್ತದೆ.

ಹೋದ ವರ್ಷ ಬಾಯಾರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೆ ಅತ್ತೆಯನ್ನೂ ಕರೆದುಕೊಂಡು ಹೋದೆ. ದೊಡ್ಡವರ ಭಾಷಣ ಮುಗಿದ ಮೇಲೆ ಎದ್ದು ಮೈಕು ಕೇಳಿ ಇಸಿದುಕೊಂಡು, ಮೊದಲು ನನ್ನ ಹೆಸರು ಹೇಳಿದೆ.

"ಆವತ್ತು ಪೇಪರಿನ್ಯಾಗ ಬಂದಿತ್ತಲ್ರಿ, ಆ ಹೆಣ್ಮಗಳು ನಾನ ರೀ," ಎಂದೆ. "ಕಟಕೋಳದ ಬೇವಿನ ಗಿಡದ ಮನಿ ಸೊಸಿ."